ಹಿಮ ತಳ್ಳುವ ಜೀಪು

ನೇಗಿಲು ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಕಣ್ಣ ಮುಂದೆ ಬರುವುದು ಎರಡು ಎತ್ತು, ಒಂದು ನೊಗ, ಹದವಾದ ಹೊಲ. ಮಣ್ಣನ್ನು ಸೀಳಿ ಮಗುಚುವುದು ಅದರ ಕೆಲಸ. ಇಂಗ್ಲಿಷಿನವರು ಇದೇ ಹೆಸರನ್ನು ಇನ್ನೊಂದು ಸಲಕರಣೆಗೂ ಇಟ್ಟಿದ್ದಾರೆ. ಅದರ ಹೆಸರು ‘ಸ್ನೋ ಪ್ಲೌ’. ಕನ್ನಡಿಸಿದರೆ ‘ಹಿಮದ ನೇಗಿಲು’. ಕನ್ನಡ ಪಂಡಿತನಾದ ನಾನು ಈ ಮಾತನ್ನು ಮೊದಲು ಓದಿದಾಗ, ಹಿಮವನ್ನು ಉತ್ತು ಅದರಲ್ಲಿ ಏನನ್ನು ಬಿತ್ತುತ್ತಾರೋ ಎಂದು ಬೆರಗಾಗಿದ್ದೆ. ಕಣ್ಣಾರೆ ಕಂಡ ಮೇಲೆ ತಿಳಿಯಿತು, ಅದು ನೇಗಿಲೇ ಅಲ್ಲ. ನಾಟಿಗೆ ಮುಂಚೆ ಕೆಸರುಗದ್ದೆಯನ್ನು ಸಮ ಮಾಡಲು ಎಳೆಯುತ್ತಾರಲ್ಲ, ಆ ಹಲಗೆಯ ಜಾತಿಗೆ ಸೇರಿದ್ದು. ನಮ್ಮ ಹಲಗೆ ಎತ್ತಿನ ಹಿಂದೆ ಬರುತ್ತದೆ, ಆ ಹಲಗೆ ಗಾಡಿಯ ಮುಂದೆ ಹೋಗುತ್ತದೆ, ಇಷ್ಟೇ ವ್ಯತ್ಯಾಸ. ಆದ್ದರಿಂದ ನಾನು ಅದನ್ನು ಹಿಮದ ಹಲಗೆ ಎಂದೇ ಕರೆಯುತ್ತೇನೆ.

೨೦೧೯ರ ಜನವರಿಯಲ್ಲಿ, ಶಾಲೆಯಿಂದ ರಜೆ ಪಡೆದು, ನಾನೂ ನನ್ನ ಹೆಂಡತಿಯೂ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದೆವು. ಬಾಣಂತನ ಮಾಡುವವಳು ಅವಳು. ನಾನು ಮೂಟೆ ಹೊರಲು ಹೋದವನು. ಮಗಳು ಅಳಿಯ ಇರುವುದು ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ, ಸಿರಕ್ಯೂಸ್ ಪಟ್ಟಣದಿಂದ ಆಚೆಗೆ ಒಂದು ಹಳ್ಳಿಯಲ್ಲಿ. ನ್ಯೂಯಾರ್ಕ್ ಎಂದೊಡನೆ ಮುಗಿಲು ಮುಟ್ಟುವ ಕಟ್ಟಡಗಳನ್ನು ನೆನೆಯಬೇಡಿ. ಇಲ್ಲಿರುವುದು ಹೊಲ, ಕಾಡು, ದೂರ ದೂರ ಮನೆಗಳು. ಇದರ ವಾಯವ್ಯಕ್ಕೆ ಒಂಟಾರಿಯೋ ಎಂಬ ಸಮುದ್ರದಂಥ ಸರೋವರವಿದೆ. ಅದು ಬಹಳ ಆಳವಾದ್ದರಿಂದ ಚಳಿಗಾಲದಲ್ಲೂ ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ಕೆನಡದ ಕಡೆಯಿಂದ ಬೀಸುವ ಕೊರೆಯುವ ಗಾಳಿ ಈ ನೀರಿನ ಮೇಲೆ ಹಾಯುವಾಗ ಕಾವನ್ನೂ ತೇವವನ್ನೂ ಹೀರಿಕೊಂಡು, ದಡ ಹತ್ತಿದೊಡನೆ ಎಲ್ಲವನ್ನೂ ಹಿಮವಾಗಿ ಸುರಿಯುತ್ತದೆ. ಅರಬ್ಬೀ ಸಮುದ್ರದ ಗಾಳಿ ಘಟ್ಟ ಹತ್ತಿ ಆಗುಂಬೆಯಲ್ಲಿ ಮಳೆ ಸುರಿಸುವುದಿಲ್ಲವೆ, ಹಾಗೆಯೇ ಅನ್ನಿ. ಸಿರಕ್ಯೂಸಿನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ ೧೨೦ ಅಂಗುಲದಷ್ಟು ಹಿಮ ಬೀಳುತ್ತದೆ. ಅಲ್ಲಿಂದ ಇನ್ನೂ ಉತ್ತರಕ್ಕೆ, ಟಗ್ ಹಿಲ್ ಎಂಬ ಎತ್ತರದ ಸೀಮೆಯಲ್ಲಿ ೨೦೦ ಅಂಗುಲಕ್ಕೂ ಮಿಕ್ಕಿ.

ಹಿಮದ ವಿಷಯದಲ್ಲಿ ನಮ್ಮ ಭಾಷೆ ಬಡವಾಗಿದೆ. ಇಬ್ಬನಿ, ಕಾವಳ, ಆಲಿಕಲ್ಲು ನಮ್ಮವು. ಹಿಮ ಮಾತ್ರ ಸಂಸ್ಕೃತದಿಂದ ಬಂದ ಅತಿಥಿ. ಹಿಮಾಲಯವನ್ನು ಹಾಡಿ ಹೊಗಳಿದ ಕವಿಗಳುಂಟು, ಆದರೆ ಅವರಾರೂ ಬೆಳಗ್ಗೆ ಎದ್ದು ತಮ್ಮ ಬಾಗಿಲ ಮುಂದಿನ ಹಿಮವನ್ನು ತೆಗೆಯಬೇಕಾದವರಲ್ಲ ಎಂದು ನನ್ನ ಅನುಮಾನ. ಹತ್ತಿಯಂತೆ ಹಗುರವೆಂದು ಕಾಣುವ ಆ ವಸ್ತುವಿನ ತೂಕವನ್ನು ಲೆಕ್ಕ ಹಾಕಿ ನೋಡಿ. ರಸ್ತೆಯಿಂದ ಮಗಳ ಮನೆಗೆ ೨೦೦ ಅಡಿ ಉದ್ದ, ೧೦ ಅಡಿ ಅಗಲದ ಗಾಡಿದಾರಿ. ಒಂದು ಅಡಿ ಹಿಮ ಬಿತ್ತೆಂದರೆ ೨೦೦೦ ಘನ ಅಡಿ. ಹೊಸದಾಗಿ ಬಿದ್ದ ಹಗುರವಾದ ಹಿಮವೇ ಘನ ಅಡಿಗೆ ಆರು ಪೌಂಡಿನಷ್ಟು ತೂಗುತ್ತದೆಂದು ಇಟ್ಟುಕೊಂಡರೂ ಒಟ್ಟು ೫ ಟನ್ನಿಗೂ ಮೀರಿತು. ಒದ್ದೆ ಹಿಮವಾದರೆ ಅದರ ಎರಡು ಪಟ್ಟು, ಮೂರು ಪಟ್ಟು.

ಹೋದ ಮೂರನೆಯ ದಿನ ಅಳಿಯ ಕೆಲಸಕ್ಕೆ ಹೋಗಿದ್ದಾಗ ನಾನು ಸಲಿಕೆ ಹಿಡಿದು ಹೊರಟೆ. ಹತ್ತು ನಿಮಿಷ ಬಹಳ ಉತ್ಸಾಹ. ಹದಿನೈದನೆಯ ನಿಮಿಷಕ್ಕೆ ಎದೆ ಬಿಗಿದು, ಕಣ್ಣಿಗೆ ಕತ್ತಲೆ ಬಂದು, ಸಲಿಕೆಯ ಕಾವನ್ನೇ ಊರುಗೋಲಾಗಿ ಹಿಡಿದು ನಿಂತೆ. ಆಗ ಪಕ್ಕದ ಮನೆಯ ಹಿರಿಯರೊಬ್ಬರು ಬೇಲಿಯಾಚೆಯಿಂದ ಕೈ ಬೀಸಿ, ನಿಲ್ಲಿಸಿ ನಿಲ್ಲಿಸಿ ಎಂದು ಕೂಗುತ್ತ ಬಂದರು. ಆಮೇಲೆ ಅಳಿಯ ಹೇಳಿದ: “ಮಾವ, ಹೀಗೆ ಹಿಮ ಎತ್ತುತ್ತ ಹೃದಯ ನಿಂತು ಸತ್ತವರು ಈ ದೇಶದಲ್ಲಿ ಪ್ರತಿವರ್ಷವೂ ಇದ್ದಾರೆ. ದಯವಿಟ್ಟು ಸಲಿಕೆ ಮುಟ್ಟಬೇಡಿ.” ಚಳಿಗೆ ರಕ್ತನಾಳಗಳು ಬಿಗಿದುಕೊಂಡಿರುತ್ತವೆ, ಅದರ ಮೇಲೆ ಅಭ್ಯಾಸವಿಲ್ಲದ ಮೈಯಿಂದ ಹೊರೆ ಎತ್ತುತ್ತೇವೆ; ಅಪಾಯ ಅಲ್ಲಿದೆ.

ಆ ಹಿರಿಯರಿಗೆ ೭೮ ವರ್ಷ. ನನ್ನನ್ನು ಮನೆಗೆ ಕಳಿಸಿ, ತಾವು ಹೋಗಿ ತಮ್ಮ ಕೊಟ್ಟಿಗೆಯ ಬಾಗಿಲು ತೆರೆದು ಒಂದು ಗಾಡಿಯನ್ನು ಹೊರಡಿಸಿದರು. ಕಿಟಕಿಯಿಂದ ನೋಡುತ್ತಿದ್ದ ನನಗೆ ನಗು ಬಂತು, ಅಳುವೂ ಬಂದಂತಾಯಿತು. ಏಕೆಂದರೆ ಅದು ನಮ್ಮ ಜೀಪು! ಮಲೆನಾಡಿನಲ್ಲಿ ಕಾಫಿ ತೋಟಗಳ ಕೆಸರಿನಲ್ಲಿ ಕೂಲಿಯಾಳುಗಳನ್ನೂ ಗೊಬ್ಬರದ ಮೂಟೆಗಳನ್ನೂ ಹೊತ್ತು ಏರುತ್ತಿದ್ದ ಅದೇ ಎತ್ತರದ ಬಾನೆಟ್ಟು, ಅದೇ ಏಳು ಸೀಳಿನ ಮೂತಿ, ಅದೇ ಚಪ್ಪಟೆ ಮಡ್‌ಗಾರ್ಡು. ಸ್ಟೀರಿಂಗು ಮಾತ್ರ ಎಡಗಡೆ.

ಈ ನಂಟಿಗೆ ಕಾರಣವುಂಟು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಯುದ್ಧ ಮುಗಿಯುತ್ತ ಬಂದಂತೆ ವಿಲ್ಲಿಸ್‌ನವರಿಗೆ ಚಿಂತೆ, ಇದನ್ನು ಇನ್ನು ಯಾರು ಕೊಳ್ಳುತ್ತಾರೆ ಎಂದು. ೧೯೪೫ರಲ್ಲಿ ‘ನಾಗರಿಕರ ಜೀಪು’ ಎಂಬ ಅರ್ಥದ ‘ಸಿ.ಜೆ.’ ಎಂಬ ಹೆಸರಿಟ್ಟು ರೈತರಿಗೆ ಮಾರತೊಡಗಿದರು: ಉಳಬಹುದು, ಯಂತ್ರ ತಿರುಗಿಸಬಹುದು, ಸಂತೆಗೂ ಹೋಗಬಹುದು. ಹಿಮದ ನಾಡಿನವರು ಅದರ ಮುಂದೆ ಉಕ್ಕಿನ ಹಲಗೆ ಕಟ್ಟಿದರು. ೧೯೫೩ರಲ್ಲಿ ಬಂದ ‘ಸಿ.ಜೆ. ೩ ಬಿ’ ಎಂಬ ಮಾದರಿಯಲ್ಲಿ ಎಂಜಿನ್ನು ಹೆಚ್ಚು ಎತ್ತರದ್ದಾದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೆರಿಕದಲ್ಲಿ ೧೯೬೮ರವರೆಗೆ ಅದನ್ನು ಮಾಡಿದರು. ನಮ್ಮ ಮಹೀಂದ್ರ ಸಂಸ್ಥೆಯವರು ಅದೇ ರೂಪವನ್ನು ಪರವಾನಗಿ ಪಡೆದು ತಯಾರಿಸಿ, ಅಲ್ಲಿ ನಿಂತ ಮೇಲೂ ಇಲ್ಲಿ ಬಹುಕಾಲ ಮುಂದುವರಿಸಿದರು. ಪಕ್ಕದ ಮನೆಯವರದು ೧೯೫೫ರ ಗಾಡಿ. ಅವರ ತಂದೆ ಹೊಸದಾಗಿ ಕೊಂಡದ್ದು.

ಮರುದಿನ ಅವರು ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರು. ನನ್ನ ಇಂಗ್ಲಿಷು ಪುಸ್ತಕದ್ದು, ಅವರದು ಹೊಲದ್ದು. ಆದರೂ ನಾನು ಒಳ್ಳೆಯ ವಿದ್ಯಾರ್ಥಿಯಾದೆ. ನೆಲದಿಂದ ಮೂರು ಕೋಲುಗಳು ಎದ್ದು ನಿಂತಿದ್ದವು. ಒಂದು ಮಾಮೂಲಿ ಗೇರಿನದು. ಇನ್ನೊಂದು ಮುಂದಿನ ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹೋಗುವಂತೆ ಜೋಡಿಸುವುದು. ಮೂರನೆಯದು ಎಲ್ಲ ಗೇರುಗಳನ್ನೂ ಸುಮಾರು ಎರಡೂವರೆ ಪಟ್ಟು ನಿಧಾನ ಮಾಡುವುದು. ನಮ್ಮ ಮಲೆನಾಡಿನ ಡ್ರೈವರುಗಳು ‘ಲೋ ಹಾಕು’ ಎನ್ನುತ್ತಾರಲ್ಲ, ಅದು. ಮೊದಲ ಗೇರೂ ಇದೂ ಸೇರಿದಾಗ ಚಕ್ರ ಒಂದು ಸುತ್ತು ಬರಬೇಕಾದರೆ ಎಂಜಿನ್ನು ೩೦ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಗಾಡಿ ನಡೆಯುವ ಮನುಷ್ಯನಷ್ಟೇ ವೇಗ. ಆದರೆ ಆ ನಡಿಗೆಗೆ ಗೂಳಿಯ ಬಲ. ಒಣಗಿದ ಗಟ್ಟಿ ರಸ್ತೆಯಲ್ಲಿ ಮಾತ್ರ ನಾಲ್ಕು ಚಕ್ರಗಳನ್ನೂ ಜೋಡಿಸಿ ಓಡಿಸಕೂಡದು. ತಿರುವಿನಲ್ಲಿ ಮುಂದಿನ ಚಕ್ರಗಳು ನಡೆಯುವ ದೂರ ಬೇರೆ, ಹಿಂದಿನವು ನಡೆಯುವ ದೂರ ಬೇರೆ. ಅವನ್ನು ಒಂದೇ ಲೆಕ್ಕಕ್ಕೆ ಕಟ್ಟಿಹಾಕಿದರೆ ಒಳಗಿನ ಹಲ್ಲುಗಳು ಬಿಗಿದುಕೊಳ್ಳುತ್ತವೆ. ಹಿಮದ ಮೇಲೆ ಚಕ್ರ ತುಸು ಜಾರುವುದರಿಂದ ಆ ತೊಡಕಿಲ್ಲ.

ಒಂದು ಟನ್ನಿಗಿಂತ ಸ್ವಲ್ಪವೇ ಹೆಚ್ಚು ತೂಗುವ ಗಾಡಿ, ಮೂತಿಯ ಮೇಲೆ ಉಕ್ಕಿನ ಹಲಗೆಯ ಭಾರ. ಹಿಂಭಾಗ ಹಗುರವಾಗಿ ಚಕ್ರ ಹಿಡಿತ ತಪ್ಪದಿರಲೆಂದು ಹಿಂದೆ ಮರಳಿನ ಚೀಲಗಳು, ಚಕ್ರಗಳಿಗೆ ಕಬ್ಬಿಣದ ಸರಪಳಿ. ಹಲಗೆಯನ್ನು ನೇರವಾಗಿಯೂ ಓರೆಯಾಗಿಯೂ ನಿಲ್ಲಿಸಬಹುದು. ಓರೆಯಾಗಿಟ್ಟರೆ ಹಿಮ ಒಂದು ಮಗ್ಗುಲಿಗೆ ಉರುಳುತ್ತ ಹೋಗುತ್ತದೆ. ಅದರ ಬೆನ್ನಿಗೆ ಬಲವಾದ ಸ್ಪ್ರಿಂಗುಗಳು. ಹಿಮದಡಿಯಲ್ಲಿ ಅಡಗಿದ ಕಲ್ಲಿಗೆ ತಗುಲಿದರೆ ಹಲಗೆ ಮುಂದಕ್ಕೆ ಬಾಗಿ, ಕಲ್ಲನ್ನು ದಾಟಿ, ಮತ್ತೆ ನೆಟ್ಟಗಾಗುತ್ತದೆ. ಈ ಸ್ಪ್ರಿಂಗು ಇಲ್ಲದಿದ್ದರೆ ಮುರಿಯುವುದು ಗಾಡಿ, ಇಲ್ಲವೆ ಕೂತವನ ಹಲ್ಲು.

ಇಷ್ಟು ಯಂತ್ರದ ಮಾತಾಯಿತು. ಆದರೆ ಆ ಹಿರಿಯರು ಯಂತ್ರದ ವಿಷಯವನ್ನು ಬೇಗ ಮುಗಿಸಿ, ಎರಡು ಸಂಗತಿಗಳನ್ನು ಪದೇ ಪದೇ ಹೇಳಿದರು. ಹಿಮ ನಿಲ್ಲಲಿ ಎಂದು ಕಾಯಬಾರದು. ನಾಲ್ಕು ಬೆರಳು ಬಿದ್ದಾಗಲೇ ಹೊರಡಬೇಕು. ಒಂದೂವರೆ ಅಡಿ ಬೀಳುವ ತನಕ ಬಿಟ್ಟರೆ ಈ ಪುಟ್ಟ ಗಾಡಿಯಿಂದ ಆಗುವ ಕೆಲಸವಲ್ಲ. ಎರಡನೆಯದು, ತಳ್ಳಿದ ಹಿಮವನ್ನು ಎಲ್ಲಿ ಇಡಬೇಕೆಂಬುದು. ನನಗೆ ಇದು ಹೊಳೆದೇ ಇರಲಿಲ್ಲ! ತಳ್ಳಿದ ಹಿಮ ಮಾಯವಾಗುವುದಿಲ್ಲ. ದಾರಿಯ ಅಂಚಿನಲ್ಲೇ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ಕಲ್ಲಾಗುತ್ತದೆ; ಮುಂದಿನ ಸಲ ಅದರ ಈಚೆಗೆ ಇನ್ನೊಂದು ಗೋಡೆ; ಫೆಬ್ರವರಿಯ ಹೊತ್ತಿಗೆ ಹತ್ತಡಿಯ ದಾರಿ ಆರಡಿಯಾಗಿ ಕಾರು ಹೋಗದಂತಾಗುತ್ತದೆ. ಆದ್ದರಿಂದ ನವೆಂಬರಿನ ಮೊದಲ ಹಿಮವನ್ನು, ಅದು ಎಷ್ಟೇ ಅಲ್ಪವಾಗಿರಲಿ, ದಾರಿಯ ಎರಡೂ ಕಡೆ ಎಂಟು ಹತ್ತು ಅಡಿ ಆಚೆಗೆ ತಳ್ಳಿ ಬರುತ್ತಾರೆ. ರಸ್ತೆಯ ಆಚೆ ಬದಿಗೆ ತಳ್ಳುವಂತಿಲ್ಲ, ಕಾನೂನು ಒಪ್ಪುವುದಿಲ್ಲ. ಬೆಂಕಿ ಆರಿಸುವ ನೀರಿನ ಕೊಳಾಯಿ ಹುಗಿದುಹೋಗಬಾರದು. ಮನೆಯ ಬಾಗಿಲಿಗೆ ಅಂಟಿದ ಹಿಮವನ್ನು ಮುಂದಕ್ಕೆ ತಳ್ಳಲು ಸಾಧ್ಯವಿಲ್ಲ. ಅಲ್ಲಿ ಹಲಗೆಯನ್ನು ಇಳಿಸಿ ಹಿಮ್ಮುಖವಾಗಿ ಎಳೆದುಕೊಂಡು ಬಂದು, ಆಮೇಲೆ ತಿರುಗಿ ತಳ್ಳುತ್ತಾರೆ. ಮಗಳ ಮನೆಯಲ್ಲಿ ಗುಡ್ಡೆಗೆಂದು ಗೊತ್ತುಮಾಡಿದ ಜಾಗ ಹಳೆಯ ಕೊಟ್ಟಿಗೆಯ ಹಿಂದೆ.

ಜನವರಿಯ ಒಂದು ಶನಿವಾರ ಸಂಜೆ ಹಿಮ ಹಿಡಿಯಿತು. ಮಗಳಿಗೆ ದಿನ ತುಂಬಿತ್ತು. ಆಸ್ಪತ್ರೆ ೨೦ ಮೈಲಿ ಆಚೆ. ಹಿರಿಯರಿಗೆ ಇದು ಗೊತ್ತಿತ್ತು. ರಾತ್ರಿ ಒಂಬತ್ತಕ್ಕೆ ಜೀಪಿನ ಸದ್ದು ಕೇಳಿತು. ಹನ್ನೆರಡಕ್ಕೆ ಮತ್ತೆ. ಕ್ಯಾನ್ವಾಸಿನ ಮೇಲ್ಮುಚ್ಚು, ಕೈಯಿಗೆ ಬಿಸಿ ತಾಕಿಸುವ ಹೀಟರು ಕೂಡ ಇಲ್ಲ. ಹಳೆಯ ಆರು ವೋಲ್ಟಿನ ಬ್ಯಾಟರಿಯ ದೀಪಗಳು ಹರಳೆಣ್ಣೆ ದೀಪದಂತೆ ಮಿಣುಕುತ್ತ ಬರುವುದನ್ನು ನಾನು ಕಿಟಕಿಯಿಂದ ನೋಡಿದೆ. ಮೂರು ಗಂಟೆಗೆ ಮೂರನೆಯ ಸಲ. ನಾಲ್ಕು ಗಂಟೆಗೆ ನನ್ನ ಹೆಂಡತಿ ಬಂದು ಎಬ್ಬಿಸಿದಳು: “ರೀ, ನೋವು ಶುರುವಾಗಿದೆ.”

ಅಳಿಯ ಕಾರು ಹೊರಡಿಸಿದ. ಹೊರಡಿಸುವ ಮುಂಚೆ ಹೊಗೆ ಕೊಳವೆಯ ಸುತ್ತಲಿನ ಹಿಮವನ್ನು ಬಿಡಿಸಿದ. ಅದು ಮುಚ್ಚಿದ್ದರೆ ವಿಷದ ಗಾಳಿ ಕಾರಿನೊಳಗೇ ತುಂಬುತ್ತದಂತೆ. ದಾರಿಯಲ್ಲಿ ಆಗ ಮೂರು ಬೆರಳು ಹಿಮವಷ್ಟೆ. ಪಕ್ಕದ ಹೊಲದಲ್ಲಿ ಮೊಳಕಾಲು ಮುಳುಗುವಷ್ಟು. ಆದರೆ ರಸ್ತೆಯ ಬಾಯಿಗೆ ಬಂದರೆ ಅಲ್ಲಿ ಗೋಡೆ! ಊರಿನ ದೊಡ್ಡ ಲಾರಿ ರಸ್ತೆಯ ಹಿಮವನ್ನು ಬದಿಗೆ ಒತ್ತಿಕೊಂಡು ಹೋಗುವಾಗ ಪ್ರತಿ ಮನೆಯ ದಾರಿಗೂ ಅಡ್ಡಲಾಗಿ ಒಂದು ದಿಬ್ಬವನ್ನು ಬಿಟ್ಟು ಹೋಗುತ್ತದೆ. ಉಪ್ಪು ಬೆರೆತ, ಒತ್ತಿ ಗಟ್ಟಿಯಾದ ಹಿಮ. ಲಾರಿಯವರ ತಪ್ಪಲ್ಲ, ಅವರು ರಸ್ತೆ ಬಿಡಿಸಲೇಬೇಕು. ಆದರೂ ಆ ಹೊತ್ತಿನಲ್ಲಿ ನಾನು ಕನ್ನಡದಲ್ಲಿ ಬೈದದ್ದು ನಿಜ.

ಅಳಿಯ ಫೋನು ಮಾಡಿದ ಐದು ನಿಮಿಷಕ್ಕೆ ಜೀಪು ಬಂತು. ಮೊದಲ ಸಲ ನೇರವಾಗಿ ನುಗ್ಗಿದಾಗ ಮೂತಿ ದಿಬ್ಬದ ಮೇಲೆ ಹತ್ತಿ, ಮುಂದೆ ಒಂದು ಹಿಂದೆ ಒಂದು ಚಕ್ರ ಬರಿದೇ ತಿರುಗತೊಡಗಿದವು. ನಾಲ್ಕು ಚಕ್ರದ ಗಾಡಿಗೂ ಈ ಗತಿ ಉಂಟು. ಶಕ್ತಿ ಯಾವಾಗಲೂ ಜಾರುವ ಚಕ್ರದ ಕಡೆಗೇ ಹರಿಯುತ್ತದೆ. ಮಗಳು ಕಾರಿನ ಹಿಂದಿನ ಸೀಟಿನಲ್ಲಿ ತುಟಿ ಕಚ್ಚಿಕೊಂಡು ಕುಳಿತಿದ್ದಳು. ನಾನೂ ಅಳಿಯನೂ ಇಳಿದು ಸಲಿಕೆ ಹಿಡಿದೆವು. ಈ ಸಲ ಬೇಡವೆನ್ನುವವರು ಯಾರೂ ಇರಲಿಲ್ಲ. ಚಕ್ರದಡಿಗೆ ಒಂದು ಚೀಲ ಮರಳು ಸುರಿದ ಮೇಲೆ ಜೀಪು ಹಿಂದಕ್ಕೆ ಸರಿಯಿತು. ಹಿರಿಯರು ಇಳಿದು ಹಲಗೆಯನ್ನು ಓರೆ ಮಾಡಿ, ಮತ್ತೆ ನುಗ್ಗದೆ, ರೊಟ್ಟಿಯ ಅಂಚನ್ನು ಕತ್ತರಿಸುವಂತೆ ದಿಬ್ಬದ ಒಂದು ಕೊನೆಯಿಂದ ಒಂದೊಂದು ಅಡಿಯಷ್ಟನ್ನೇ ಕೆತ್ತುತ್ತ ಹೋದರು. ಮುಂದೆ, ಹಿಂದೆ, ಮುಂದೆ, ಹಿಂದೆ. ಹದಿನೈದು ನಿಮಿಷ. ಅಷ್ಟು ನಿಧಾನವಾಗಿ ಚಲಿಸುವ ವಸ್ತುವನ್ನು ನಾನು ಅಷ್ಟು ಕಾತರದಿಂದ ಎಂದೂ ನೋಡಿಲ್ಲ.

ದಾರಿ ಬಿಟ್ಟಿತು. ಉಪ್ಪು ಎರಚಿದ ರಸ್ತೆಗೆ ಜೀಪನ್ನು ಅವರು ಎಂದೂ ಇಳಿಸುತ್ತಿರಲಿಲ್ಲ. ಉಪ್ಪು ಹಳೆಯ ತಗಡನ್ನು ತಿಂದು ಹಾಕುತ್ತದೆ. ಅಂದು ಮಾತ್ರ ದೊಡ್ಡ ರಸ್ತೆಯವರೆಗೂ ಕಾರಿನ ಮುಂದೆ ಹೋಗಿ, ಕೈ ಬೀಸಿ ಬೀಳ್ಕೊಟ್ಟು ಹಿಂತಿರುಗಿದರು. ಹನ್ನೊಂದು ಗಂಟೆಗೆ ಮೊಮ್ಮಗಳು ಹುಟ್ಟಿದಳು.

ಅವರು ಹಣ ಮುಟ್ಟಲಿಲ್ಲ. ನನ್ನ ಹೆಂಡತಿ ಕೋಡುಬಳೆ ಮಾಡಿ ಒಂದು ಡಬ್ಬಿ ತುಂಬ ಕೊಟ್ಟಳು. ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಅಷ್ಟನ್ನೂ ತಿಂದರು. ಈಗಿನ ಹೊಸ ಲಾರಿಗಳು ಈ ಕೆಲಸವನ್ನು ಮೂರರಲ್ಲಿ ಒಂದು ಪಾಲು ಹೊತ್ತಿನಲ್ಲಿ ಮುಗಿಸುತ್ತವೆಂದು ಅವರೇ ಹೇಳಿದರು. ಹಾಗಾದರೆ ಇದೇಕೆ ಎಂದು ಕೇಳಿದೆ. ಕೆಟ್ಟರೆ ತಾವೇ ರಿಪೇರಿ ಮಾಡಿಕೊಳ್ಳಬಹುದು, ಕರೆದ ಕೂಡಲೇ ಬರುತ್ತದೆ ಎಂದರು. ನಾವು ಫೆಬ್ರವರಿಯ ಕೊನೆಯಲ್ಲಿ ಊರಿಗೆ ಬಂದೆವು. ಏಪ್ರಿಲಿನಲ್ಲಿ ಮಗಳು ಫೋನಿನಲ್ಲಿ ಹೇಳಿದಳು: “ಅಪ್ಪ, ಹುಲ್ಲು ಚಿಗುರಿದೆ, ಜೀಪಿನ ಹಲಗೆ ಬಿಚ್ಚಿಟ್ಟಿದ್ದಾರೆ. ಕೊಟ್ಟಿಗೆಯ ಹಿಂದಿನ ಗುಡ್ಡೆ ಮಾತ್ರ ಇನ್ನೂ ಎದೆಯೆತ್ತರ ಇದೆ.”