ಸತ್ತ ಮೇಲೆ ಸಿಕ್ಕ ನೆಲ



ಪೊಲೀಸು, ಮಿಲಿಟರಿ ಸೆಲೆಕ್ಷನ್‌ಗೆ ಅಂತ ಬೆಳಗಿನ ಜಾವ ಎದ್ದು ಓಡುವ ಹುಡುಗರಿಗೆ ಇವತ್ತು ಒಬ್ಬ ಯೋಧನ ವಿಚಾರ ಹೇಳ್ತೀನಿ. ದೂರದವನಲ್ಲ. ಚಾಮರಾಜನಗರ, ಕೊಳ್ಳೇಗಾಲ, ಮಳವಳ್ಳಿ ದಾಟಿದರೆ ಮದ್ದೂರು ತಾಲ್ಲೂಕು. ಅಲ್ಲಿನ ಗುಡಿಗೆರೆಯ ಎಚ್. ಗುರು.

ಬಟ್ಟೆ ಇಸ್ತ್ರಿ ಮಾಡಿ ಬದುಕುವ ಮನೆ. ಗುರು 2011ರಲ್ಲಿ ಸಿ.ಆರ್.ಪಿ.ಎಫ್. ಸೇರಿದ. ಸಂಬಳ ಬಂತು, ಮನೆ ಕಟ್ಟಿಸಿದ, ಮದುವೆಯಾದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ರಜೆಗೆ ಊರಿಗೆ ಬಂದವನು ವಾಪಸ್ ಹೋದ ಕೆಲವೇ ದಿನಕ್ಕೆ, 2019ರ ಫೆಬ್ರವರಿ 14ರಂದು, ಪುಲ್ವಾಮಾದಲ್ಲಿ ಸ್ಫೋಟಕ ತುಂಬಿದ ಕಾರು ಅವರ ಬಸ್ಸಿಗೆ ಬಂದು ಗುದ್ದಿತು. 40 ಜನ ಸತ್ತರು. ಗುರುವಿಗೆ ಆಗ 33 ವರ್ಷ. ಯುದ್ಧ ಅಂತ ಯಾರೂ ಸಾರಿರಲಿಲ್ಲ. ಹನ್ನೆರಡನೇ ದಿನಕ್ಕೆ ನಮ್ಮ ವಿಮಾನಗಳು ಬಾಲಾಕೋಟ್‌ಗೆ ಹೋಗಿ ಬಾಂಬು ಹಾಕಿದವು.

ಗುರುವಿನ ದೇಹ ಊರ ಕಡೆ ಹೊರಟಾಗ ಒಂದು ಪ್ರಶ್ನೆ ಎದ್ದಿತು. ಎಲ್ಲಿ ಸಂಸ್ಕಾರ ಮಾಡೋದು? ಆ ಕುಟುಂಬಕ್ಕೆ ಸ್ವಂತ ಜಮೀನೇ ಇರಲಿಲ್ಲ. ಕೊನೆಗೆ ಮದ್ದೂರು–ಮಳವಳ್ಳಿ ರಸ್ತೆಯ ಮೆಳ್ಳಹಳ್ಳಿ ಹತ್ತಿರ ಸರ್ಕಾರಿ ಜಾಗ ಗುರುತು ಮಾಡಿದರು. ಸಾವಿರಾರು ಜನ ಸೇರಿದರು, ಮುಖ್ಯಮಂತ್ರಿ ಬಂದರು, ಸರ್ಕಾರಿ ಗೌರವವೂ ಆಯಿತು. ದೇಶದ ನೆಲ ಕಾಯಲು ಹೋದವನಿಗೆ ಆರಡಿ ಮೂರಡಿ ನೆಲ ಹುಡುಕಬೇಕಾಯಿತು. ಗುರು ನಮ್ಮ ಜಾತಿಯವನು ಅಂತ ಈ ಮಾತು ಹೇಳ್ತಿಲ್ಲ. ನೆಲವಿಲ್ಲದ ಮನೆಯವನು ಅಂತ ಹೇಳ್ತಿದ್ದೀನಿ.

ಅಲ್ಲಿ ಕೊಡುವ ಮನಸ್ಸಾದರೂ ಇತ್ತು. 2016ರ ಜೂನ್‌ನಲ್ಲಿ ಕಾಶ್ಮೀರದ ಪಾಂಪೋರ್‌ನಲ್ಲಿ ಸತ್ತ ಸಿ.ಆರ್.ಪಿ.ಎಫ್. ಯೋಧ ವೀರ್ ಸಿಂಗ್ ಉತ್ತರ ಪ್ರದೇಶದ ಫಿರೋಜಾಬಾದ್ ಜಿಲ್ಲೆಯ ದಲಿತರು. ಊರ ಸಾರ್ವಜನಿಕ ಜಾಗದಲ್ಲಿ ಅವರ ಸಂಸ್ಕಾರ ಬೇಡ ಅಂತ ಮೇಲ್ಜಾತಿಯವರು ಅಡ್ಡ ನಿಂತರು. ಅಧಿಕಾರಿಗಳು ಬಂದು ಮಾತಾಡಿದ ಮೇಲೇ ಜಾಗ ಸಿಕ್ಕಿದ್ದು. ಹೆಣದ ಮೇಲೆ ತ್ರಿವರ್ಣ ಧ್ವಜ ಇದ್ದರೂ ಅವರ ಕಣ್ಣಿಗೆ ಕಂಡಿದ್ದು ಜಾತಿ!

ಬಾಬಾಸಾಹೇಬರು ಸುಬೇದಾರರ ಮಗ. ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1927ರ ಜನವರಿ 1ರಂದು ಅವರು ಕೋರೆಗಾಂವ್ ಸ್ತಂಭದ ಮುಂದೆ ನಿಂತರು. 1818ರ ಯುದ್ಧದಲ್ಲಿ ಸತ್ತ ಮಹಾರ್ ಸೈನಿಕರ ಹೆಸರುಗಳು ಅಲ್ಲಿ ಕಲ್ಲಲ್ಲಿವೆ. ಆದರೆ ಕಲ್ಲಿಗೆ ಕೈಮುಗಿದು ಅವರು ಸುಮ್ಮನಾಗಲಿಲ್ಲ. ಅದೇ ವರ್ಷ ಮಾರ್ಚ್ 20ಕ್ಕೆ ಮಹಾಡ್‌ನ ಚೌದಾರ್ ಕೆರೆಗೆ ಇಳಿದು ನೀರು ಕುಡಿದರು. ಸತ್ತವರಿಗೆ ಗೌರವ ಸಿಕ್ಕರೆ ಸಾಲದು, ಬದುಕಿರುವವರಿಗೆ ಹಕ್ಕು ಬೇಕು ಅಂತ ಮಾಡಿ ತೋರಿಸಿದರು.

ತಮ್ಮಂದಿರಾ, ಓಡೋದನ್ನ ಬಿಡಬೇಡಿ. ಸಿ.ಆರ್.ಪಿ.ಎಫ್.ನಂಥ ಕೇಂದ್ರ ಪಡೆಗಳಲ್ಲಿ ನಮಗೆ ಮೀಸಲಾತಿ ಇದೆ, ಸೇನೆಯಲ್ಲಿ ಇಲ್ಲ. ತಿಳ್ಕೊಂಡು ಅರ್ಜಿ ಹಾಕಿ. ಆದರೆ ನೀವು ಹೋದ ಮೇಲೆ ಅವ್ವ ಅಪ್ಪ ಇರುವ ಮನೆಗೆ ಪಟ್ಟಾ ಇದೆಯಾ ನೋಡಿ. ನಮ್ಮ ಸುಡುಗಾಡು, ಅದಕ್ಕೆ ಹೋಗುವ ದಾರಿ ದಾಖಲೆಯಲ್ಲಿ ಯಾರ ಹೆಸರಲ್ಲಿದೆ? ವಿ.ಎ.ಒ. ಹತ್ತಿರ ಕೇಳಿ, ತಾಳವಾಡಿ ತಾಲ್ಲೂಕು ಕಚೇರಿಗೆ ಅರ್ಜಿ ಬರೆಯಿರಿ. 1892ರಲ್ಲೇ ಮದ್ರಾಸ್ ಸರ್ಕಾರ ನಮ್ಮವರಿಗಾಗಿ ಪಂಚಮಿ ಭೂಮಿ ಮೀಸಲಿಡಲು ಒಪ್ಪಿತ್ತು. ಅಂಥ ಭೂಮಿ ನಮ್ಮ ಸುತ್ತಮುತ್ತ ಇತ್ತಾ, ಈಗ ಯಾರ ಕೈಲಿದೆ ಅಂತ ವಿಚಾರಿಸೋದೂ ಸಂಘದ ಕೆಲಸವೇ.

ಈ ಸಂಚಿಕೆ ಓದ್ತಿರುವ ನೀವೂ ಅಷ್ಟೇ. ಯೋಧನ ಫೋಟೋಗೆ ಹಾರ ಹಾಕುವ ಮೊದಲು ಅವನ ಮನೆಗೆ ನೆಲ ಇದೆಯಾ ಅಂತ ಒಂದು ಮಾತು ಕೇಳಿ.

ಜೈ ಭೀಮ್.