ತಿಪ್ಪೆ ಶುಚಿಯಾದರೆ ಮನೆ ಶುಚಿ

ಹೊಲದ ಕೆಲಸ ಮುಗಿಸಿ, ದನಗಳಿಗೆ ಹುಲ್ಲು ಹಾಕಿ, ಕೈಕಾಲು ತೊಳೆದು ಕೂತಿರುತ್ತೀರಿ. ಈ ಹೊತ್ತಿನಲ್ಲಿ ತಿಪ್ಪೆಯ ಮಾತು ಯಾಕೆ ತೆಗೆದ ಎಂದು ಮೂಗು ಮುರಿಯಬೇಡಿ. ನಮ್ಮ ಆರೋಗ್ಯ, ದನಕರುಗಳ ಆರೋಗ್ಯ, ಭೂಮಿಯ ಆರೋಗ್ಯ, ಈ ಮೂರೂ ಬಂದು ಸೇರುವ ಜಾಗ ಯಾವುದೆಂದು ಯಾರಾದರೂ ಕೇಳಿದರೆ ನಾನು ಮನೆಯ ಹಿಂದಿನ ತಿಪ್ಪೆಯನ್ನೇ ತೋರಿಸುತ್ತೇನೆ. ಪರಿಸರ ಕಾಪಾಡಬೇಕು ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಆ ಕೆಲಸ ಶುರುವಾಗುವುದು ಬೆಳಿಗ್ಗೆ ಗುಡಿಸಿದ ಕಸವನ್ನು ನಾವು ಎಲ್ಲಿ ಸುರಿಯುತ್ತೇವೆ ಎಂಬುದರಿಂದ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ನನ್ನ ಪಾಲಿಗೆ ಬಂದ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, “ಕಸವನ್ನು ಬೀದಿಗೆ ಎಸೆಯಬೇಡಿ, ಎಲ್ಲವನ್ನೂ ತಿಪ್ಪೆಗೆ ಹಾಕಿ, ಕಸದಿಂದ ರಸ ಮಾಡಿ” ಎಂದು ಹೇಳುತ್ತಿದ್ದೆ. ಒಂದು ಮನೆಯ ಅಜ್ಜಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು. ಸಗಣಿ, ಬೂದಿ, ತರಕಾರಿ ಸಿಪ್ಪೆಯ ಜೊತೆಗೆ ಹಾಲಿನ ಕವರು, ಶಾಂಪೂ ಚೀಟಿ, ಅಂಗಡಿಯ ಚೀಲ, ಎಲ್ಲವೂ ತಿಪ್ಪೆ ಸೇರಿತು. ಬೇಸಿಗೆಯಲ್ಲಿ ಆ ಗೊಬ್ಬರ ಹೊಲಕ್ಕೆ ಹೋಯಿತು. ಮಳೆ ಬಿದ್ದು, ಬೆಳೆ ಬಂದು, ಕಟಾವು ಆದ ಮೇಲೆ ಕೂಳೆ ಮೇಯಲು ಹಸುವನ್ನು ಅದೇ ಹೊಲಕ್ಕೆ ಬಿಟ್ಟರು.

ಕೆಲವು ತಿಂಗಳಿಗೆ ಹಸು ಮೆಲುಕು ಹಾಕುವುದನ್ನು ನಿಲ್ಲಿಸಿತು. ಹಾಲು ಇಳಿಯಿತು. ಎಡಗಡೆಯ ಹೊಟ್ಟೆ ಉಬ್ಬಿತು. ಶುಂಠಿ, ಇಂಗು, ಓಮ ಎಲ್ಲಾ ಆಯಿತು. ಕೊನೆಗೆ ಪಶುವೈದ್ಯರು ಹೊಟ್ಟೆ ಕೊಯ್ದು ನೋಡಿದರೆ, ಒಳಗೆ ಪ್ಲಾಸ್ಟಿಕ್ ಕವರುಗಳೂ ದಾರಗಳೂ ಹೆಣೆದುಕೊಂಡು ಹಗ್ಗದ ಉಂಡೆಯಂತೆ ಕೂತಿದ್ದವು. ಹಸು ಉಳಿಯಲಿಲ್ಲ.

ನಾನು ನೋಡಲು ಹೋದಾಗ ಅಜ್ಜಿ ಜಗಳ ಆಡಲಿಲ್ಲ. “ನೀವೇ ಹೇಳಿದ್ರಲ್ಲಪ್ಪಾ, ಎಲ್ಲಾನೂ ತಿಪ್ಪೆಗೆ ಹಾಕಿ ಅಂತ” ಎಂದರು, ಅಷ್ಟೆ. ಆ ಹಸು ಮೇಯುವ ಕಡೆಯೆಲ್ಲಾ ಕವರು ತಿಂದಿರಬಹುದು. ಆದರೆ ಅವರ ಹೊಲಕ್ಕೆ ಅದನ್ನು ಗಾಡಿಯಲ್ಲಿ ಹೇರಿಸಿ ಕಳುಹಿಸಿದ್ದು ನನ್ನ ಮಾತು. ‘ಎಲ್ಲಾ’ ಎಂಬ ಒಂದು ಪದವನ್ನು ನಾನು ಯೋಚಿಸದೆ ಆಡಿದ್ದೆ.

ನಮ್ಮ ತಾತಂದಿರ ಕಾಲದಲ್ಲಿ ಈ ಮಾತು ಸರಿಯಾಗಿಯೇ ಇತ್ತು. ಆಗ ಮನೆಗೆ ಬರುತ್ತಿದ್ದದ್ದು ಮುತ್ತುಗದ ಎಲೆ, ಬಾಳೆ ಎಲೆ, ಗೋಣಿತಾಟು, ಮಣ್ಣಿನ ಕುಡಿಕೆ. ತಿಪ್ಪೆಗೆ ಏನು ಹಾಕಿದರೂ ಮಣ್ಣಾಗುತ್ತಿತ್ತು. ಈಗ ಮನೆಗೆ ಬರುವ ವಸ್ತು ಬದಲಾಗಿದೆ, ತಿಪ್ಪೆಗೆ ಹಾಕುವ ಕೈ ಮಾತ್ರ ಬದಲಾಗಿಲ್ಲ. ಹಸು ನಾಲಿಗೆಯಿಂದ ಬಳಿದು ತಿನ್ನುವ ಪ್ರಾಣಿ. ಉಪ್ಪು, ಅನ್ನ ಅಂಟಿದ ಕವರನ್ನು ಅದು ಹುಲ್ಲಿನಿಂದ ಆರಿಸಿ ಬಿಡಲಾರದು. ಆರಿಸಬೇಕಾದವರು ನಾವು.

ಆದ್ದರಿಂದ ಕಸವನ್ನು ಮೂರು ಪಾಲು ಮಾಡಿ.

ಕೊಳೆಯುವುದು ಮೊದಲನೆಯ ಪಾಲು. ಸಗಣಿ, ಗಂಜಲ ನೆಂದ ಮಣ್ಣು, ದನ ತಿಂದು ಬಿಟ್ಟ ಹುಲ್ಲು, ಸೊಪ್ಪುಸದೆ, ಸಿಪ್ಪೆ. ಇದು ಗುಂಡಿಗೆ.

ಕೊಳೆಯದೇ ಇರುವುದು ಎರಡನೆಯ ಪಾಲು. ಕವರು, ಬಾಟಲಿ, ಡಬ್ಬ, ಗಾಜು. ಇದಕ್ಕೆ ಅಡಿಗೆ ಮನೆಯ ಬಾಗಿಲ ಹಿಂದೆ ಮೊಳೆ ಹೊಡೆದು ಒಂದು ಚೀಲ ತೂಗುಹಾಕಿ. ಹಾಲಿನ ಕವರನ್ನು ತೊಳೆದು ಒಣಗಿಸಿ ಹಾಕಿದರೆ ನಾತ ಬರುವುದಿಲ್ಲ. ಈಗ ಹಲವು ಗ್ರಾಮ ಪಂಚಾಯಿತಿಗಳಲ್ಲಿ ಒಣ ಕಸ ಒಯ್ಯುವ ಗಾಡಿ ಇದೆ, ಅದಕ್ಕೆ ಕೊಡಿ. ಗಾಡಿ ಬಾರದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ವಿಷದ್ದು ಮೂರನೆಯ ಪಾಲು. ಔಷಧಿ ಹೊಡೆದ ಡಬ್ಬ, ಹಳೆಯ ಬ್ಯಾಟರಿ, ಅವಧಿ ಮುಗಿದ ಮಾತ್ರೆ. ಕೀಟನಾಶಕದ ಡಬ್ಬವನ್ನು ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಸುರಿದು, ಡಬ್ಬಕ್ಕೆ ತೂತು ಹೊಡೆದು ಬೇರೆ ಇಡಿ. ಅದರಲ್ಲಿ ಕುಡಿಯುವ ನೀರನ್ನೋ ಎಣ್ಣೆಯನ್ನೋ ತುಂಬಿಡುವ ಅಭ್ಯಾಸ ಇಂದೇ ನಿಲ್ಲಲಿ.

ಇಲ್ಲಿ ತಾಯಂದಿರಿಗೆ ಒಂದು ಮಾತು. ಬಚ್ಚಲ ಒಲೆ ಬೇಗ ಹತ್ತಲಿ ಎಂದು ಕವರಿಗೆ ಕಡ್ಡಿ ಗೀರುವವರು ಬಹಳ ಮಂದಿ. “ಕವರೂ ಹೋಯ್ತು, ನೀರೂ ಕಾದವು” ಎನ್ನುತ್ತಾರೆ. ಕವರು ಎಲ್ಲಿಗೂ ಹೋಗಲಿಲ್ಲ, ಹೊಗೆಯಾಗಿ ಎದೆಯೊಳಗೆ ಹೋಯಿತು. ಪಿವಿಸಿಯಂಥ ಪ್ಲಾಸ್ಟಿಕ್ಕನ್ನು ಕಡಿಮೆ ಉರಿಯಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ, ಹಾಲಿನಲ್ಲಿಯೂ ಇಳಿಯುತ್ತದೆ. ಒಲೆಯ ಬಳಿ ಕೂತು ಚಳಿ ಕಾಯಿಸುವ ಮಗುವಿನ ಮುಖ ನೋಡಿ, ಒಣಗಿದ ತೆಂಗಿನ ಗರಿಯನ್ನೋ ಚಿಪ್ಪನ್ನೋ ಹತ್ತಿಸಿ.

ಇನ್ನು ಗುಂಡಿಯ ವಿಚಾರ. ನಮ್ಮ ಬೆಂಗಳೂರಿನ ಹೆಸರು ಒಂದು ಗೊಬ್ಬರ ಪದ್ಧತಿಗೆ ಇದೆ ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮಧ್ಯಭಾರತದ ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಎಂಬ ವಿಜ್ಞಾನಿ ೧೯೨೪ರಿಂದ ೧೯೩೧ರವರೆಗೆ ಇದ್ದು, ಕಸವನ್ನು ಆಗಾಗ ತಿರುವಿ ಹಾಕಿ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಅದಕ್ಕೆ ಆಳು ಹೆಚ್ಚು, ನೀರು ಹೆಚ್ಚು. ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ತಿರುವಿ ಹಾಕುವ ಗೋಜಿಲ್ಲದ ಕ್ರಮವನ್ನು ಕಂಡುಹಿಡಿದರು. ಅದನ್ನು ಮೊದಲು ಪಟ್ಟಣದ ಕಸಕ್ಕಾಗಿ ಮಾಡಿದರೂ, ನೀರೂ ಆಳೂ ಕಡಿಮೆ ಇರುವ ನಮ್ಮ ಬಯಲುಸೀಮೆಗೆ ಅದು ಚೆನ್ನಾಗಿ ಒಗ್ಗುತ್ತದೆ.

ಮಾಡುವ ಬಗೆ ಹೀಗೆ. ಮಳೆಯ ನೀರು ನಿಲ್ಲದ ದಿಣ್ಣೆ ಜಾಗದಲ್ಲಿ, ಬಾವಿಯಿಂದ ಕನಿಷ್ಠ ೫೦ ಅಡಿ ದೂರದಲ್ಲಿ, ೧೦ ಅಡಿ ಉದ್ದ, ೬ ಅಡಿ ಅಗಲ, ೩ ಅಡಿ ಆಳದ ಗುಂಡಿ ತೆಗೆಯಿರಿ. ಅರ್ಧ ಅಡಿ ಕಸ ಹರಡಿ, ಅದರ ಮೇಲೆ ಸಗಣಿ ಬಗ್ಗಡ ಚಿಮುಕಿಸಿ, ಕೊಟ್ಟಿಗೆಯ ಗಂಜಲ ಮಣ್ಣು ಉದುರಿಸಿ. ಹೀಗೆ ಪದರದ ಮೇಲೆ ಪದರ. ನೆಲಮಟ್ಟದಿಂದ ಒಂದೂವರೆ ಅಡಿ ಎದ್ದ ಮೇಲೆ ಮಣ್ಣು ಸಗಣಿ ಕಲಸಿ ಮೆತ್ತಿಬಿಡಿ. ೬ರಿಂದ ೮ ತಿಂಗಳು ಮುಟ್ಟಬೇಡಿ. ಒಂದು ಗುಂಡಿ ಮಾಗುತ್ತಿರುವಾಗ ತುಂಬಲು ಇನ್ನೊಂದು ಗುಂಡಿ ಬೇಕು. ಎರಡು ಇದ್ದರೆ ವರ್ಷವಿಡೀ ನಡೆಯುತ್ತದೆ.

“ಏನ್ ಸ್ವಾಮಿ, ಇಷ್ಟೆಲ್ಲಾ ಮಾಡಿದ್ರೆ ಸಿಗೋದೆಷ್ಟು?” ಎಂದು ಕೇಳುತ್ತೀರಿ. ಚೆನ್ನಾಗಿ ಕೊಳೆತ ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸಾಮಾನ್ಯವಾಗಿ ೫ ಕಿಲೋ ಸಾರಜನಕ, ೨ ಕಿಲೋ ರಂಜಕ, ೫ ಕಿಲೋ ಪೊಟ್ಯಾಷ್ ಇರುತ್ತದೆ. ೫ ಕಿಲೋ ಸಾರಜನಕ ಎಂದರೆ ಹತ್ತಿರ ಹತ್ತಿರ ೧೧ ಕಿಲೋ ಯೂರಿಯಾದಲ್ಲಿ ಇರುವಷ್ಟು. ಇಷ್ಟೂ ಮೊದಲ ವರ್ಷವೇ ಬೆಳೆಗೆ ಸಿಗುವುದಿಲ್ಲ, ನಿಧಾನವಾಗಿ ಸಿಗುತ್ತದೆ. ಆದರೆ ಯೂರಿಯಾ ಕೊಡಲಾರದ್ದನ್ನು ಗೊಬ್ಬರ ಕೊಡುತ್ತದೆ. ಮಣ್ಣು ಹುಡಿಯಾಗುತ್ತದೆ, ಬಿದ್ದ ಮಳೆಯನ್ನು ಹಿಡಿದಿಡುತ್ತದೆ. ಮಳೆ ಹದಿನೈದು ದಿನ ಕೈಕೊಟ್ಟಾಗ ಆ ಹೊಲದ ರಾಗಿ ಪಕ್ಕದ ಹೊಲಕ್ಕಿಂತ ತಡೆದು ನಿಲ್ಲುವುದನ್ನು ನೀವೇ ನೋಡಿರುತ್ತೀರಿ.

ಮುಚ್ಚಿದ ಗುಂಡಿಯಿಂದ ಇನ್ನೊಂದು ಲಾಭವಿದೆ. ತೆರೆದ ತಿಪ್ಪೆಯಲ್ಲಿ ಇಟ್ಟ ನೊಣದ ಮೊಟ್ಟೆ, ಬೇಸಿಗೆಯ ಕಾವಿಗೆ ವಾರ ಹತ್ತು ದಿನದಲ್ಲಿ ಹಾರುವ ನೊಣವಾಗುತ್ತದೆ. ಅದು ತಿಪ್ಪೆಯಿಂದ ನೇರ ನಮ್ಮ ಅನ್ನದ ತಟ್ಟೆಗೇ ಬರುತ್ತದೆ. ಡೆಂಗಿ ತರುವ ಸೊಳ್ಳೆಯೂ ಹಾಗೆಯೇ. ಎಸೆದ ಕರಟ, ಹಳೆಯ ಟೈರು, ಒಡೆದ ಬಿಂದಿಗೆ, ಇವುಗಳಲ್ಲಿ ನಿಂತ ತಿಳಿನೀರೇ ಅದರ ತೊಟ್ಟಿಲು. ವಾರಕ್ಕೊಂದು ದಿನ ಹಿತ್ತಲಲ್ಲಿ ಒಂದು ಸುತ್ತು ಹಾಕಿ, ನೀರು ನಿಂತದ್ದನ್ನೆಲ್ಲಾ ಬೋರಲು ಹಾಕಿ. ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆದು ಮುಚ್ಚಿಡಿ.

ಬಚ್ಚಲ ನೀರನ್ನು ಬೀದಿಗೆ ಬಿಟ್ಟು ಕೆಸರು ಮಾಡುವುದಕ್ಕಿಂತ, ಒಂದು ಸಣ್ಣ ಕಾಲುವೆ ತೆಗೆದು ನಾಲ್ಕು ಬಾಳೆ, ಒಂದು ತೆಂಗಿನ ಬುಡಕ್ಕೆ ತಿರುಗಿಸಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಆ ನೀರು ಬೇಡ. ಪಕ್ಕದಲ್ಲೇ ನುಗ್ಗೆ, ಕರಿಬೇವು, ಪರಂಗಿ. ಬೇಲಿಗೆ ಹೀರೆ, ಅವರೆ. ಎರಡು ಮಡಿ ದಂಟು, ಬಸಳೆ. ಗುಂಡಿಯ ಗೊಬ್ಬರ ನಾಲ್ಕು ಮಂಕರಿ ಇದಕ್ಕೂ ಇರಲಿ. ಒಬ್ಬ ಮನುಷ್ಯ ದಿನಕ್ಕೆ ೪೦೦ ಗ್ರಾಮಾದರೂ ಹಣ್ಣು ತರಕಾರಿ ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ ಆಯಿತು. ಅಷ್ಟನ್ನೂ ಸಂತೆಯಿಂದ ತರಲು ನಮ್ಮಲ್ಲಿ ಎಷ್ಟು ಮನೆಗಳಿಗೆ ಆಗುತ್ತದೆ? ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಹೇಳುತ್ತದೆ. ಔಷಧಿ ಹೊಡೆಯದೆ ಬೆಳೆದ ಹಿತ್ತಲ ಸೊಪ್ಪು ಮದ್ದಿನ ಅಂಗಡಿಯ ದಾರಿಯನ್ನೇ ಎಷ್ಟೋ ಸಲ ತಪ್ಪಿಸುತ್ತದೆ.

ಕಾನೂನೂ ನಮ್ಮ ಕಡೆಗಿದೆ. ಕರ್ನಾಟಕದಲ್ಲಿ ೨೦೧೬ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಲಾಯಿತು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳಿಗೆ ೨೦೨೨ರ ಜುಲೈ ೧ರಿಂದ ಇಡೀ ದೇಶದಲ್ಲಿ ನಿಷೇಧ ಬಂತು. ಆದರೂ ಸಂತೆಗೆ ಬರಿಗೈಯಲ್ಲಿ ಹೋದವನ ಕೈಗೆ ಕವರು ಬಂದೇ ಬರುತ್ತದೆ. ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವವನ ಮನೆಯಲ್ಲಿ ಆರಿಸುವ ಕೆಲಸವೇ ಅರ್ಧ ಕಡಿಮೆ.

ಆ ಅಜ್ಜಿಯ ಮನೆಗೆ ನಾನು ಈಗಲೂ ಹೋಗುತ್ತೇನೆ. ಬಾಗಿಲ ಹಿಂದೆ ಚೀಲ ತೂಗುತ್ತಿದೆ, ಹಿತ್ತಲಲ್ಲಿ ಎರಡು ಗುಂಡಿ ಇವೆ. ಸಾಲ ಮಾಡಿ ತಂದ ಒಂದು ಕಡಸು ಕೊಟ್ಟಿಗೆಯಲ್ಲಿದೆ. ಹೋದ ಸಲ ಅವರು ಜಾತ್ರೆಯಿಂದ ತಂದ ಒಂದು ಕಾಗದದ ಟೀ ಲೋಟ ಹಿಡಿದು, “ಇದು ಗುಂಡಿಗೋ ಚೀಲಕ್ಕೋ?” ಎಂದು ಕೇಳಿದರು. ಕಾಗದ ತಾನೇ, ಗುಂಡಿಗೆ ಎಂದೆ. ಅವರು ಅದನ್ನು ನೀರಿನಲ್ಲಿ ನೆನೆಸಿ ಸೀಳಿ, ಒಳಗಿನ ತೆಳ್ಳನೆಯ ಪ್ಲಾಸ್ಟಿಕ್ ಪೊರೆಯನ್ನು ಉಗುರಿನಿಂದ ಎಳೆದು ತೋರಿಸಿದರು. ನಾನು ಸುಮ್ಮನೆ ಅದನ್ನು ತೆಗೆದುಕೊಂಡು ಚೀಲಕ್ಕೆ ಹಾಕಿದೆ.

ಈ ವಾರ ಮೂರೇ ಕೆಲಸ ಮಾಡಿ. ಬಾಗಿಲ ಹಿಂದೆ ಒಂದು ಚೀಲ ಕಟ್ಟಿ. ತಿಪ್ಪೆಯಲ್ಲಿ ಈಗಾಗಲೇ ಸೇರಿರುವ ಕವರುಗಳನ್ನು ಮನೆಯವರೆಲ್ಲಾ ಸೇರಿ ಒಂದು ಬೆಳಿಗ್ಗೆ ಆರಿಸಿ. ಬಚ್ಚಲ ನೀರಿಗೆ ಒಂದು ದಾರಿ ಮಾಡಿ. ಗುಂಡಿಯನ್ನು ಬೇಸಿಗೆಯಲ್ಲಿ ಬಿಡುವು ನೋಡಿ ತೆಗೆದರೂ ಆಯಿತು. ಗೊಬ್ಬರ ಹೊಲಕ್ಕೆ ಹೊಡೆಯುವ ದಿನ ಗಾಡಿಯ ಮೇಲೆ ಒಂದೇ ಒಂದು ಕವರೂ ಕಾಣದಿದ್ದರೆ, ಆ ವರ್ಷ ನಿಮ್ಮ ಮನೆ ಶುಚಿಯಾಗಿದೆ ಎಂದು ತಿಳಿಯಿರಿ.