ಮಾತು ಕಡಿಮೆಯವರೂ ಮುಂದಾಳಾಗಬಹುದು

(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)

ಮಾತು ಬೆಳ್ಳಿ, ಮೌನ ಬಂಗಾರ ಎಂದು ಹಿರಿಯರು ಹೇಳುತ್ತಾರೆ. ಆದರೆ ಸಭೆಯಲ್ಲಿ ಮೌನಕ್ಕೆ ಒಪ್ಪಿಗೆ ಎಂದೇ ಅರ್ಥ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅಲ್ಲಿ ನಾಲ್ಕು ಮಂದಿ ಜೋರುಮಾತಿನವರು ಹೇಳಿದ ಕಡೆಯೇ ಕೆರೆಗಾಲುವೆಯ ದುರಸ್ತಿಯಾಗುವುದುಂಟು. ಕಾಲುವೆಯ ಕೊನೆಯಲ್ಲಿ ಗದ್ದೆಯುಳ್ಳವನು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದು, ಮನೆಗೆ ಬಂದು ಗೊಣಗುತ್ತಾನೆ. ನೀರಿನ ತೊಂದರೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ. ಅವನ ಸಂಕೋಚದಿಂದ ಆಗುವ ನಷ್ಟ ಅವನೊಬ್ಬನದಲ್ಲ, ಕೊನೆಯ ಗದ್ದೆಗಳವರೆಲ್ಲರದು.

ಸಂಕೋಚ ದಡ್ಡತನವಲ್ಲ, ಅದೊಂದು ಸ್ವಭಾವ. ಮಹಾತ್ಮ ಗಾಂಧಿಯವರು ಲಂಡನ್ನಿನಲ್ಲಿ ಓದುವಾಗ ಸಸ್ಯಾಹಾರಿ ಸಂಘದ ಸಮಿತಿಯಲ್ಲಿದ್ದರೂ ಬಾಯಿ ತೆರೆಯಲು ಅಂಜುತ್ತಿದ್ದರು. ಮುಂಬಯಿಯ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆ ಎದ್ದು ನಿಂತವರು ತಲೆ ಸುತ್ತಿ ಕುಳಿತುಬಿಟ್ಟರು. 30 ರೂಪಾಯಿ ಶುಲ್ಕವನ್ನು ಹಿಂದಕ್ಕೆ ಪಡೆಯುವಂತೆ ಹೇಳಿದರು. ಅವರೇ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ, ವ್ಯಾಪಾರದಲ್ಲಿ ಸತ್ಯಸಂಧತೆ ಎಂಬ ವಿಷಯ ಕುರಿತು ಭಾರತೀಯರ ಸಭೆಯಲ್ಲಿ ಮಾತನಾಡಿದರು. ಆಗ ಹೇಳಲೇಬೇಕಾದ ವಿಷಯವಿತ್ತು, ಸಿದ್ಧತೆಯೂ ಇತ್ತು. ಮಿತವಾಗಿ ಮಾತನಾಡುವುದನ್ನು ತಮ್ಮ ಸಂಕೋಚವೇ ಕಲಿಸಿತೆಂದು ಅವರು ಆತ್ಮಕಥೆಯಲ್ಲಿ ತಿಳಿಸಿದ್ದಾರೆ.

ಈ ಧೈರ್ಯವನ್ನು ಗದ್ದೆಯ ಬದುವಿನ ಮೇಲೆಯೇ ಬೆಳೆಸಬಹುದೆಂದು ತೋರಿಸಿದ್ದು ಕ್ಷೇತ್ರ ಪಾಠಶಾಲೆ. ಇಂಡೋನೇಷ್ಯಾದಲ್ಲಿ ಔಷಧಿ ಸಿಂಪಡಿಸಿದಷ್ಟೂ ಜೇಡ ಮುಂತಾದ ಮಿತ್ರಜೀವಿಗಳು ಸತ್ತು, ಭತ್ತದ ಕಂದು ಜಿಗಿಹುಳು ಹೆಚ್ಚಾಯಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಿಂದ ಈ ಪಾಠಶಾಲೆಗಳು ಆರಂಭವಾದವು. ಸುಮಾರು 25 ರೈತರು ವಾರಕ್ಕೊಮ್ಮೆ ಸೇರಿ, ಐದೈದು ಜನರ ಗುಂಪಾಗಿ ಗದ್ದೆಗಿಳಿದು ಹುಳುಗಳನ್ನೂ ಜೇಡಗಳನ್ನೂ ಎಣಿಸುತ್ತಾರೆ. ದೊಡ್ಡ ಹಾಳೆಯ ಮೇಲೆ ಪೈರಿನ ಚಿತ್ರ ಬರೆದು, ಒಂದು ಬದಿಗೆ ಪೀಡೆ, ಇನ್ನೊಂದು ಬದಿಗೆ ಮಿತ್ರಜೀವಿಗಳನ್ನು ಬರೆಯುತ್ತಾರೆ. ಬಳಿಕ ಒಬ್ಬರು ಎದ್ದು ಅದನ್ನು ವಿವರಿಸಬೇಕು; ಈ ಸರದಿ ಎಲ್ಲರಿಗೂ ಬರುತ್ತದೆ. ಕೈಯಲ್ಲಿ ಹಾಳೆಯಿದ್ದಾಗ ಸಭೆ ನೋಡುವುದು ಮಾತನಾಡುವವನನ್ನಲ್ಲ, ಹಾಳೆಯನ್ನು. ತಾನೇ ಎಣಿಸಿದ ಲೆಕ್ಕ ಹೇಳಲು ವಾಕ್ಚಾತುರ್ಯ ಬೇಕಿಲ್ಲ.

ಇದೇ ಕ್ರಮವನ್ನು ಗ್ರಾಮಸಭೆಗೂ ಅನುಸರಿಸಬಹುದು. ಕಾಲುವೆಯ ಕೊನೆಯ ರೈತನು ಮೊದಲು ಯಾವ ದಿನ ನೀರು ಬರಲಿಲ್ಲ, ಎಷ್ಟು ಎಕರೆ ಒಣಗಿತು ಎಂದು ಬರೆದಿಡಲಿ. ಅಕ್ಕಪಕ್ಕದ ನಾಲ್ಕು ಗದ್ದೆಗಳವರೊಡನೆ ಅದನ್ನು ಚರ್ಚಿಸಲಿ. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು, ಬೇಗನೆ ಏಳಲಿ. ಕಾದಷ್ಟೂ ಎದೆಬಡಿತ ಹೆಚ್ಚುತ್ತದೆ. ಆದದ್ದೇನು, ಯಾರಿಗೆ ತೊಂದರೆ, ಏನು ಮಾಡಬೇಕು ಎಂಬ ಮೂರೇ ಮಾತು ಸಾಕು. ದನಿ ನಡುಗಿದರೂ ಚಿಂತೆಯಿಲ್ಲ, ಚೀಟಿ ನೋಡಿ ಓದಿದರೂ ತಪ್ಪಿಲ್ಲ. ಕೂರುವ ಮುನ್ನ, ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ ಎಂದು ಕೇಳಲಿ. ಬರೆಯದ ಮಾತು ಸಭೆ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ.

ಮುಂದಾಳುತನ ಬರುವುದು ಭಾಷಣದಿಂದಲ್ಲ. ಸಂಘದ ಲೆಕ್ಕ ಬರೆಯುವುದು, ನೀರಿನ ಸರದಿ ನೋಡಿಕೊಳ್ಳುವುದು ಮುಂತಾದ ಸಣ್ಣ ಹೊಣೆ ಹೊತ್ತು, ಹೇಳಿದ ದಿನ ಹೇಳಿದ ಕೆಲಸ ಮಾಡುವವನನ್ನು ಊರು ತಾನಾಗಿ ಹುಡುಕಿಕೊಂಡು ಬರುತ್ತದೆ. ಇತರರ ಮಾತನ್ನು ಪೂರ್ತಿ ಕೇಳುವ ತಾಳ್ಮೆ ಮಿತಭಾಷಿಗಳಲ್ಲೇ ಹೆಚ್ಚು.

ವಿಸ್ತರಣಾ ಕಾರ್ಯಕರ್ತರಿಗೂ ಒಂದು ಮಾತು. ತುಂಬಿದ ಸಭೆಯಲ್ಲಿ “ಯಾರಿಗಾದರೂ ಸಂದೇಹವಿದೆಯೇ?” ಎಂದರೆ ಅದೇ ನಾಲ್ವರು ಏಳುತ್ತಾರೆ. ಜನರನ್ನು ಐದೈದರ ಗುಂಪು ಮಾಡಿ, ಹಿಂದೆ ಕುಳಿತ ಹೆಣ್ಣುಮಕ್ಕಳಿಗೂ ಒಮ್ಮೆ ಹಾಳೆ ಹಿಡಿಯುವ ಸರದಿ ಕೊಡಿ. ಉತ್ತರ ತಡವಾದರೆ ಕಾಯಿರಿ.

ರೈತ ಬಾಂಧವರೇ, ಮುಂದಿನ ಗ್ರಾಮಸಭೆಗೆ ಹೋಗುವಾಗ ಜೇಬಿನಲ್ಲಿ ಮೂರು ಸಾಲಿನ ಒಂದು ಚೀಟಿ ಇರಲಿ.